ವೈಟ್ನರ್ ಹಚ್ಚಿದ ಚುನಾವಣೆ: ಮಲಾವಿಯ ಹೆಣ್ಣುಮಕ್ಕಳ ಅಧಿಕಾರದ ಕಥೆ



ಆಫ್ರಿಕಾದ ಚುನಾವಣೆಯ ಸುದ್ದಿ ಬಂದರೆ ನಮ್ಮ ವಾರ್ತೆಯಲ್ಲಿ ಅದಕ್ಕೆ ಸಿಗುವುದು ಎರಡೇ ವಾಕ್ಯ. ಇಂಥ ದೇಶದಲ್ಲಿ ಇಂಥವರು ಗೆದ್ದರು, ಸೋತವರು ಅಕ್ರಮ ನಡೆದಿದೆ ಎಂದು ದೂರಿದರು. ಅಷ್ಟು ಓದಿ ಮುಗಿಸಿ ನಾವು ಹವಾಮಾನಕ್ಕೆ ಹೋಗಿಬಿಡುತ್ತೇವೆ. 2025ರ ಅಕ್ಟೋಬರ್ 4ರಂದು ಮಲಾವಿ ದೇಶದ ಅಧ್ಯಕ್ಷರಾಗಿ ಪೀಟರ್ ಮುತಾರಿಕಾ ಮತ್ತೊಮ್ಮೆ ಪ್ರಮಾಣವಚನ ಸ್ವೀಕರಿಸಿದ ಸುದ್ದಿಯೂ ಬಹುಶಃ ಹೀಗೆಯೇ ನಿಮ್ಮ ಕಿವಿ ದಾಟಿ ಹೋಗಿರಬಹುದು. ಅದರಲ್ಲಿ ನಿಂತು ಕೇಳಬೇಕಾದ ಒಂದು ಹೆಸರಿತ್ತು. ಅಂದು ಅವರ ಜೊತೆ ಉಪಾಧ್ಯಕ್ಷೆಯಾಗಿ ಅಧಿಕಾರ ವಹಿಸಿಕೊಂಡವರು ಜೇನ್ ಆನ್ಸಾ.

ಯಾರು ಈ ಆನ್ಸಾ? 2019ರಲ್ಲಿ ಮಲಾವಿಯ ಚುನಾವಣಾ ಆಯೋಗದ ಅಧ್ಯಕ್ಷೆಯಾಗಿ, ಇದೇ ಮುತಾರಿಕಾ ಅವರೇ ಗೆದ್ದರೆಂದು ಘೋಷಿಸಿದವರು. ಆ ಚುನಾವಣೆಯನ್ನು ಮುಂದೆ ನ್ಯಾಯಾಲಯ ರದ್ದು ಮಾಡಿತು. ಫಲಿತಾಂಶದ ಹಾಳೆಗಳಲ್ಲಿ ಅಂಕಿಗಳನ್ನು ವೈಟ್ನರ್ ಹಚ್ಚಿ ತಿದ್ದಲಾಗಿತ್ತು ಎಂಬುದು ಅದಕ್ಕೆ ಒಂದು ದೊಡ್ಡ ಕಾರಣ. ವೈಟ್ನರ್ ಎಂದರೆ ನಾವು ನೀವು ಆಫೀಸಿನಲ್ಲಿ ಟೈಪಿಂಗ್ ತಪ್ಪಿನ ಮೇಲೆ ಬಳಿಯುತ್ತಿದ್ದೆವಲ್ಲ, ಅದೇ ಬಿಳಿ ಬಣ್ಣದ ಬಾಟಲಿ. ಅಲ್ಲಿನವರು ಅದನ್ನು ಟಿಪ್ಪೆಕ್ಸ್ ಎನ್ನುತ್ತಾರೆ. 2019ರ ಆ ಚುನಾವಣೆಗೆ ಅಲ್ಲಿ ಇಂದಿಗೂ ಟಿಪ್ಪೆಕ್ಸ್ ಚುನಾವಣೆ ಎಂದೇ ಹೆಸರು.

ಹೆಣ್ಣುಮಕ್ಕಳು ಅಧಿಕಾರಕ್ಕೆ ಬಂದರೆ ರಾಜಕೀಯ ಸ್ವಚ್ಛವಾಗುತ್ತದೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. 2006ರಲ್ಲಿ ಲೈಬೀರಿಯಾದಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ ಅಧಿಕಾರ ವಹಿಸಿಕೊಂಡು, ಆಫ್ರಿಕಾ ಖಂಡದಲ್ಲಿ ಚುನಾವಣೆ ಗೆದ್ದು ರಾಷ್ಟ್ರಾಧ್ಯಕ್ಷೆಯಾದ ಮೊದಲ ಮಹಿಳೆ ಎನಿಸಿಕೊಂಡಾಗ ಈ ಮಾತಿಗೆ ಹೊಸ ಬಲ ಬಂತು. ಮಾತು ನಿಜವೇ, ಸುಳ್ಳೇ? ಆಫ್ರಿಕಾ ಎಂದರೆ 54 ದೇಶಗಳು, ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ತೂಗುವುದು ಸರಿಯಲ್ಲ. ಆದ್ದರಿಂದ ಇಲ್ಲಿ ಮಲಾವಿಯೊಂದನ್ನೇ ಹಿಡಿದು ನೋಡೋಣ. ಏಕೆಂದರೆ ಕೇವಲ ಹದಿಮೂರು ವರ್ಷಗಳೊಳಗೆ ಆ ಪುಟ್ಟ ದೇಶದಲ್ಲಿ ರಾಷ್ಟ್ರಾಧ್ಯಕ್ಷ ಪದವಿ, ಚುನಾವಣಾ ಆಯೋಗ, ಭ್ರಷ್ಟಾಚಾರ ನಿಗ್ರಹ ದಳ, ಆ ಚುನಾವಣೆಯನ್ನು ವಿಚಾರಿಸಿದ ನ್ಯಾಯಪೀಠ, ಈ ನಾಲ್ಕು ಕಡೆಯೂ ಹೆಣ್ಣುಮಕ್ಕಳು ಕುಳಿತರು. ನಾಲ್ಕು ಕಡೆಯೂ ನಡೆದದ್ದು ಬೇರೆ ಬೇರೆ.

ಮೊದಲು ದೇಶದ ಪರಿಚಯ ಎರಡು ಮಾತಿನಲ್ಲಿ. ಮಲಾವಿ ಇರುವುದು ಆಫ್ರಿಕಾದ ಆಗ್ನೇಯ ಭಾಗದಲ್ಲಿ. ಟಾಂಜಾನಿಯಾ, ಜಾಂಬಿಯಾ, ಮೊಜಾಂಬಿಕ್ ಸುತ್ತುವರಿದಿರುವ, ಸಮುದ್ರವಿಲ್ಲದ, ಆದರೆ ಸಮುದ್ರದಂಥ ದೊಡ್ಡ ಸರೋವರವಿರುವ ದೇಶ. 2018ರ ಜನಗಣತಿಯಂತೆ ಒಂದು ಮುಕ್ಕಾಲು ಕೋಟಿ ಜನ, ಬಹುಪಾಲು ರೈತರು. ಮೆಕ್ಕೆಜೋಳದ ಹಿಟ್ಟಿನಿಂದ ಮಾಡುವ ಎನ್ಸಿಮಾ ಅವರ ನಿತ್ಯದ ಊಟ. ನಮ್ಮ ರಾಗಿಮುದ್ದೆಯ ಬಿಳಿಯ ತಮ್ಮ ಎಂದುಕೊಳ್ಳಿ. 1964ರಲ್ಲಿ ಸ್ವಾತಂತ್ರ್ಯ ಬಂತು, ಆದರೆ 1994ರವರೆಗೆ ಹೇಸ್ಟಿಂಗ್ಸ್ ಬಾಂಡಾ ಎಂಬ ಒಬ್ಬರದೇ ಆಳ್ವಿಕೆ, ಒಂದೇ ಪಕ್ಷ. ಬಹುಪಕ್ಷಗಳ ಚುನಾವಣೆ ಅಲ್ಲಿ ಶುರುವಾಗಿ ಮೂರು ದಶಕ ದಾಟಿದೆ ಅಷ್ಟೇ. ಹೆಸರುಗಳ ವಿಷಯದಲ್ಲಿ ಒಂದು ಎಚ್ಚರಿಕೆ: ಬಾಂಡಾ ಎಂಬುದು ಅಲ್ಲಿ ನಮ್ಮ ಗೌಡ, ಶೆಟ್ಟಿಗಳಂತೆ ಎಲ್ಲೆಡೆ ಕೇಳಿಬರುವ ಹೆಸರು. ಈಗ ಬರುವ ಜಾಯ್ಸ್ ಬಾಂಡಾ ಅವರಿಗೂ ಆ ಹಳೆಯ ಬಾಂಡಾ ಅವರಿಗೂ ನಂಟಿಲ್ಲ.

ಜಾಯ್ಸ್ ಬಾಂಡಾ ಹುಟ್ಟಿದ್ದು 1950ರಲ್ಲಿ. ಹೊಡೆತ ಬಡಿತದ ಮೊದಲ ಮದುವೆಯಿಂದ ಮಕ್ಕಳನ್ನು ಕರೆದುಕೊಂಡು ಹೊರಬಂದು, ಸಣ್ಣ ವ್ಯಾಪಾರ ಕಟ್ಟಿ, ವ್ಯಾಪಾರ ಮಾಡುವ ಹೆಂಗಸರ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದವರು. 1999ರಲ್ಲಿ ಸಂಸತ್ತಿಗೆ ಬಂದರು, 2006ರಲ್ಲಿ ವಿದೇಶಾಂಗ ಸಚಿವೆ, 2009ರಲ್ಲಿ ಬಿಂಗು ವಾ ಮುತಾರಿಕಾ ಅಧ್ಯಕ್ಷರಾದಾಗ ಉಪಾಧ್ಯಕ್ಷೆ. ಆಮೇಲೆ ಬಿಂಗು ತಮ್ಮ ನಂತರ ತಮ್ಮನಾದ ಪೀಟರ್ ಮುತಾರಿಕಾ ಅವರನ್ನು ಕೂರಿಸಲು ಹೊರಟರು. ಅದನ್ನು ಒಪ್ಪದ ಜಾಯ್ಸ್ 2010ರ ಡಿಸೆಂಬರಿನಲ್ಲಿ ಪಕ್ಷದಿಂದ ಉಚ್ಚಾಟಿತರಾದರು. ಪಕ್ಷದಿಂದ ತೆಗೆಯಬಹುದು, ಆದರೆ ಜನರ ಮತದಿಂದ ಬಂದ ಉಪಾಧ್ಯಕ್ಷ ಸ್ಥಾನದಿಂದ ಸುಲಭವಾಗಿ ತೆಗೆಯಲಾಗದು. ಅವರು ಹೊಸ ಪಕ್ಷ ಕಟ್ಟಿಕೊಂಡು ಅದೇ ಕುರ್ಚಿಯಲ್ಲಿ ಕುಳಿತೇ ಇದ್ದರು.

2012ರ ಏಪ್ರಿಲ್ 5ರಂದು ಬಿಂಗು ಹೃದಯಾಘಾತದಿಂದ ತೀರಿಕೊಂಡರು. ಸಂವಿಧಾನದ ಪ್ರಕಾರ ಅಧಿಕಾರ ಉಪಾಧ್ಯಕ್ಷೆಗೆ ಬರಬೇಕು. ಸರ್ಕಾರ ಸಾವಿನ ಸುದ್ದಿಯನ್ನೇ ತಕ್ಷಣ ಒಪ್ಪಿಕೊಳ್ಳಲಿಲ್ಲ. ಬೇರೆ ಪಕ್ಷ ಕಟ್ಟಿದವರಿಗೆ ಅಧ್ಯಕ್ಷ ಪದವಿ ಸಲ್ಲದು ಎಂದು ಕೆಲವು ಸಚಿವರು ರಾತ್ರೋರಾತ್ರಿ ಮಾಧ್ಯಮಗಳ ಮುಂದೆ ಸಾರಿದರು. ಆ ಮಾತನ್ನು ಓದಿ ಹೇಳಿದವರೂ ಒಬ್ಬ ಮಹಿಳೆಯೇ, ಆಗಿನ ವಾರ್ತಾ ಸಚಿವೆ ಪೆಟ್ರೀಷಿಯಾ ಕಲಿಯಾಟಿ. ಸೇನಾ ಮುಖ್ಯಸ್ಥರು ಸಂವಿಧಾನದ ಪರ ನಿಂತರು, ಜಾಯ್ಸ್ ಅವರ ಮನೆಗೆ ಕಾವಲು ಹಾಕಿಸಿದರು. ಏಪ್ರಿಲ್ 7ರಂದು ಅವರು ಮಲಾವಿಯ ಮೊದಲ ಮಹಿಳಾ ಅಧ್ಯಕ್ಷೆಯಾದರು.

ಮೊದಲ ದಿನಗಳು ಚೆನ್ನಾಗಿಯೇ ಇದ್ದವು. ಬಿಂಗು ಕೊಂಡಿದ್ದ ಅಧ್ಯಕ್ಷರ ಜೆಟ್ ವಿಮಾನವನ್ನು ಮಾರಿಸಿದರು, ತಮ್ಮ ಸಂಬಳವನ್ನು ಶೇ. 30ರಷ್ಟು ಇಳಿಸಿಕೊಂಡರು. ವಿದೇಶಿ ಪತ್ರಿಕೆಗಳು ಹಾಡಿ ಹೊಗಳಿದವು. ಹೆಣ್ಣು ಬಂದಳು, ಮನೆ ಗುಡಿಸಿದಳು ಎಂಬ ಧಾಟಿ. ನನಗೆ ಈ ಧಾಟಿ ಅಷ್ಟು ಹಿಡಿಸುವುದಿಲ್ಲ. ವಿಮಾನ ಮಾರುವುದು ಕಣ್ಣಿಗೆ ಕಾಣುವ ಕೆಲಸ. ಖಜಾನೆಯ ಬಾಗಿಲಿಗೆ ಬೀಗ ಇದೆಯೇ ಎಂದು ನೋಡುವುದು ಕಾಣದ ಕೆಲಸ.

ಆ ಬೀಗ ಇರಲಿಲ್ಲ. 2013ರ ಸೆಪ್ಟೆಂಬರಿನಲ್ಲಿ ಹಣಕಾಸು ಇಲಾಖೆಯ ಬಜೆಟ್ ನಿರ್ದೇಶಕರ ಮೇಲೆ ಅವರ ಮನೆಯ ಗೇಟಿನ ಬಳಿಯೇ ಗುಂಡಿನ ದಾಳಿ ನಡೆಯಿತು. ಅದೇ ದಿನಗಳಲ್ಲಿ ಕೆಳದರ್ಜೆಯ ಸರ್ಕಾರಿ ನೌಕರರ ಬಳಿ ಕಂತೆ ಕಂತೆ ನೋಟು ಸಿಗತೊಡಗಿತು. ಎಳೆ ಹಿಡಿದು ಹೋದಾಗ ಕಂಡದ್ದಿಷ್ಟು: ಸರ್ಕಾರದ ಹಣ ಪಾವತಿ ಮಾಡುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ, ಸರಬರಾಜೇ ಆಗದ ಸಾಮಾನಿಗೆ ಬಿಲ್ಲು ತೋರಿಸಿ, ಚೆಕ್ಕು ಬರೆಸಿ, ಆಮೇಲೆ ಆ ದಾಖಲೆಯನ್ನೇ ಅಳಿಸಿಹಾಕುತ್ತಿದ್ದರು. ಬ್ರಿಟನ್ ಸರ್ಕಾರದ ನೆರವಿನಿಂದ ನಡೆದ ಲೆಕ್ಕಪರಿಶೋಧನೆ ಪ್ರಕಾರ 2013ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರೇ ತಿಂಗಳಲ್ಲಿ ಹೋದದ್ದು ಮೂರು ಕೋಟಿ ಡಾಲರಿಗೂ ಹೆಚ್ಚು. ದಾನಿ ದೇಶಗಳು ನೆರವು ನಿಲ್ಲಿಸಿದವು. ಬಜೆಟ್ಟಿನ ದೊಡ್ಡ ಪಾಲು ಹೊರಗಿನಿಂದ ಬರುವ ದೇಶದಲ್ಲಿ ಅದರ ಅರ್ಥ, ಆಸ್ಪತ್ರೆಯಲ್ಲಿ ಔಷಧ ಇಲ್ಲ ಎಂದು. ಈ ಹಗರಣಕ್ಕೆ ಕ್ಯಾಷ್‌ಗೇಟ್ ಎಂದು ಹೆಸರಾಯಿತು.

ಜಾಯ್ಸ್ ಬಾಂಡಾ ಇಡೀ ಸಂಪುಟವನ್ನು ವಜಾ ಮಾಡಿದರು, ತನಿಖೆಗೆ ಅಡ್ಡ ಬರಲಿಲ್ಲ, ಕಳ್ಳರನ್ನು ಹೊರಗೆಳೆದವಳೇ ನಾನು ಎಂದು ಕೊನೆಯವರೆಗೂ ವಾದಿಸಿದರು. ಅಧಿಕಾರ ಕಳೆದುಕೊಂಡ ಮೇಲೆ ಹಲವು ವರ್ಷ ದೇಶದ ಹೊರಗಿದ್ದರು, 2017ರಲ್ಲಿ ಬಂಧನದ ವಾರಂಟೂ ಹೊರಟಿತು, 2018ರಲ್ಲಿ ಮರಳಿ ಬಂದರು. ಯಾವ ನ್ಯಾಯಾಲಯವೂ ಅವರನ್ನು ಅಪರಾಧಿ ಎಂದಿಲ್ಲ. ಆದರೆ ಅವರ ವಿಷಯದಲ್ಲಿ ನನಗೆ ಕ್ಯಾಷ್‌ಗೇಟ್‌ಗಿಂತಲೂ ತೊಡಕಾಗಿ ಕಾಣುವುದು 2014ರ ಮೇ 24. ಚುನಾವಣೆಯ ಎಣಿಕೆ ನಡೆಯುತ್ತಿತ್ತು, ಅವರು ಹಿಂದೆ ಬಿದ್ದಿದ್ದರು. ಆಗ ಅವರು ಅಕ್ರಮ ನಡೆದಿದೆ, ಈ ಚುನಾವಣೆಯನ್ನೇ ರದ್ದು ಮಾಡಿದ್ದೇನೆ, ಮರುಚುನಾವಣೆಯಲ್ಲಿ ನಾನು ನಿಲ್ಲುವುದಿಲ್ಲ ಎಂದು ಘೋಷಿಸಿದರು. ಹಾಗೆ ರದ್ದು ಮಾಡುವ ಅಧಿಕಾರ ಅಧ್ಯಕ್ಷರಿಗೆ ಇರಲಿಲ್ಲ. ಹೈಕೋರ್ಟು ತಡೆಯಿತು. ಎಣಿಕೆ ಮುಗಿದಾಗ ಅವರು ಮೂರನೆಯ ಸ್ಥಾನದಲ್ಲಿದ್ದರು; ಗೆದ್ದವರು ಅದೇ ತಮ್ಮ, ಪೀಟರ್ ಮುತಾರಿಕಾ. ಎರಡು ವರ್ಷದ ಹಿಂದೆ ಸಂವಿಧಾನದ ಒಂದು ಸಾಲಿನ ಬಲದಿಂದಲೇ ಗದ್ದುಗೆಗೆ ಬಂದವರು ತಮ್ಮ ಸರದಿ ಬಂದಾಗ ಆ ಸಾಲನ್ನು ದಾಟಲು ಹೋದರು. ಆದರೂ ಕೋರ್ಟಿನ ಮಾತು ಬಂದ ಮೇಲೆ ಹಟ ಹಿಡಿಯದೆ ಸೋಲನ್ನೊಪ್ಪಿ ಹೊರಟರು ಎಂಬುದನ್ನೂ ಹೇಳಬೇಕು.

ಇನ್ನೊಂದು ಸಂಗತಿ ಅಷ್ಟಾಗಿ ಯಾರೂ ಗಮನಿಸುವುದಿಲ್ಲ. 2009ರಲ್ಲಿ 193 ಸ್ಥಾನಗಳ ಸಂಸತ್ತಿನಲ್ಲಿ ನಲವತ್ತಕ್ಕೂ ಹೆಚ್ಚು ಮಹಿಳೆಯರಿದ್ದರು. ದೇಶಕ್ಕೆ ಮಹಿಳೆಯೇ ಅಧ್ಯಕ್ಷೆಯಾಗಿದ್ದಾಗ ನಡೆದ 2014ರ ಚುನಾವಣೆಯಲ್ಲಿ ಅದು ಮೂವತ್ತರ ಆಸುಪಾಸಿಗೆ ಇಳಿಯಿತು. ಮೇಲೊಬ್ಬರು ಕುಳಿತರೆ ಕೆಳಗಿನವರಿಗೆ ದಾರಿ ತಾನಾಗಿ ತೆರೆಯುವುದಿಲ್ಲ.

ಈಗ ವೈಟ್ನರ್ ಕಥೆಗೆ ಬರೋಣ. ಇದನ್ನು ಅರ್ಥ ಮಾಡಿಕೊಳ್ಳಲು ಅಲ್ಲಿನ ಎಣಿಕೆಯ ಕ್ರಮ ತಿಳಿದಿರಬೇಕು. ನಮ್ಮಲ್ಲಿ ಮತಯಂತ್ರಗಳನ್ನು ಮುದ್ರೆ ಹಾಕಿ ಎಣಿಕೆ ಕೇಂದ್ರಕ್ಕೆ ಒಯ್ಯುತ್ತಾರೆ. ಮತಗಟ್ಟೆಯಲ್ಲಿ ಎಷ್ಟು ಮತ ಬಿತ್ತು ಎಂದು ನಮೂನೆ 17-ಸಿಯಲ್ಲಿ ಬರೆದು ಏಜೆಂಟರಿಗೆ ಪ್ರತಿ ಕೊಡುತ್ತಾರೆ. ಮಲಾವಿಯಲ್ಲಿ ಮತಪತ್ರ, ಮತ್ತು ಎಣಿಕೆ ಅದೇ ರಾತ್ರಿ ಅದೇ ಮತಗಟ್ಟೆಯಲ್ಲಿ, ಎಷ್ಟೋ ಕಡೆ ಲಾಟೀನಿನ ಬೆಳಕಿನಲ್ಲಿ. ಯಾರಿಗೆ ಎಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಅಧಿಕಾರಿಯೂ ಪಕ್ಷಗಳ ಏಜೆಂಟರೂ ಸಹಿ ಹಾಕುತ್ತಾರೆ. ಆ ಹಾಳೆ ಜಿಲ್ಲೆಗೆ, ಅಲ್ಲಿಂದ ಆಯೋಗದ ಮುಖ್ಯ ಕೇಂದ್ರಕ್ಕೆ ಹೋಗುತ್ತದೆ. 2019ರಲ್ಲಿ ಇಂಥ ಮತಗಟ್ಟೆಗಳು 5,002. ಅಂದರೆ ದೇಶದ ಅಧ್ಯಕ್ಷರು ಯಾರು ಎಂಬುದು ಕೊನೆಗೆ ನಿಂತಿರುವುದು ಆ ಹಾಳೆಗಳ ಮೇಲೆ. ಬೇರೇನೂ ಇಲ್ಲ.

ಜೇನ್ ಆನ್ಸಾ ಸಾಮಾನ್ಯರಲ್ಲ. ಮಲಾವಿಯ ಮೊದಲ ಮಹಿಳಾ ಅಟಾರ್ನಿ ಜನರಲ್, ಆಮೇಲೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶೆ. 2016ರಲ್ಲಿ ಆಯೋಗದ ಅಧ್ಯಕ್ಷೆಯಾದಾಗ ಅವರ ಕಾನೂನು ಜ್ಞಾನವನ್ನು ಯಾರೂ ಶಂಕಿಸುವಂತಿರಲಿಲ್ಲ. 2019ರ ಮೇ 21ರಂದು ಮತದಾನ ನಡೆಯಿತು. ಮೇ 27ರಂದು ಆನ್ಸಾ ಫಲಿತಾಂಶ ಓದಿದರು: ಪೀಟರ್ ಮುತಾರಿಕಾ ಅವರಿಗೆ ಶೇ. 38.57, ಲಜಾರಸ್ ಚಕ್ವೇರಾ ಅವರಿಗೆ ಶೇ. 35.41, ಸಾಲೋಸ್ ಚಿಲಿಮಾ ಅವರಿಗೆ ಶೇ. 20.24. ಮೊದಲಿಬ್ಬರ ಅಂತರ ಸುಮಾರು 1 ಲಕ್ಷ 59 ಸಾವಿರ ಮತ.

ಚಕ್ವೇರಾ ಮತ್ತು ಚಿಲಿಮಾ ನ್ಯಾಯಾಲಯಕ್ಕೆ ಹೋದರು. ತೋರಿಸಿದ್ದು ಆ ಹಾಳೆಗಳನ್ನು. ಕೆಲವದರಲ್ಲಿ ಅಂಕಿಯ ಮೇಲೆ ವೈಟ್ನರ್ ಬಳಿದು ಬೇರೆ ಅಂಕಿ, ಕೆಲವದರಲ್ಲಿ ಕೈಯಲ್ಲಿ ತಿದ್ದಿದ ಗುರುತು, ಕೆಲವು ಮೂಲ ಹಾಳೆಯೇ ಅಲ್ಲದೆ ನಕಲು ಹಾಳೆಗಳು, ಕೆಲವದರಲ್ಲಿ ಸಹಿಯೇ ಇಲ್ಲ. ಆಯೋಗದ ಉತ್ತರ ಏನೆಂದರೆ, ರಾತ್ರಿಯಿಡೀ ಎಣಿಸಿ ದಣಿದ ನೌಕರರು ಕೂಡಿಸುವಾಗ ತಪ್ಪು ಮಾಡಿ ಸರಿಪಡಿಸಿದ್ದಾರೆ, ಅದರಿಂದ ಫಲಿತಾಂಶ ಬದಲಾಗಿಲ್ಲ ಎಂದು. ಕೇಳಲು ಒಪ್ಪುವಂತೆಯೇ ಇದೆ. ಆದರೆ ಬ್ಯಾಂಕಿನಲ್ಲಿ ಕೆಲಸ ಮಾಡಿದ ನಮ್ಮ ಕೇಳುಗರಿಗೆ, ಮುಂಬಯಿಯಲ್ಲಂತೂ ಅಂಥವರು ಬಹಳ ಜನ, ತಕ್ಷಣ ಹೊಳೆಯುತ್ತದೆ. ಲೆಡ್ಜರಿನಲ್ಲಿ ತಪ್ಪಾದರೆ ಅದರ ಮೇಲೆ ಒಂದು ಗೆರೆ ಎಳೆದು, ಸರಿಯಾದ ಅಂಕಿ ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಹಳೆಯ ಅಂಕಿ ಕಾಣುತ್ತಲೇ ಇರಬೇಕು. ವೈಟ್ನರ್ ಮಾಡುವುದು ಸರಿಪಡಿಸುವ ಕೆಲಸವಲ್ಲ, ಮೊದಲು ಏನಿತ್ತು ಎಂಬುದನ್ನೇ ಮುಚ್ಚುವ ಕೆಲಸ. ತಿದ್ದಿದವರು ಪ್ರಾಮಾಣಿಕರೇ ಆಗಿದ್ದರೂ ಅದನ್ನು ಸಾಬೀತು ಮಾಡುವ ದಾರಿ ಅವರಿಗೂ ಉಳಿಯುವುದಿಲ್ಲ.

ತಿಂಗಳುಗಟ್ಟಲೆ ಬೀದಿಯಲ್ಲಿ ಮೆರವಣಿಗೆಗಳು ನಡೆದವು. ಬೇಡಿಕೆ ಒಂದೇ, ಜೇನ್ ಆನ್ಸಾ ರಾಜೀನಾಮೆ. ಅದಕ್ಕೆ ಉತ್ತರವಾಗಿ 2019ರಲ್ಲಿ ಬ್ಲಾಂಟೈರ್ ನಗರದಲ್ಲಿ ಕೆಲವು ಮಹಿಳಾ ಮುಖಂಡರು ಆನ್ಸಾ ಪರವಾಗಿ ಮೆರವಣಿಗೆ ಮಾಡಿದರು. ಆಕೆ ಹೆಣ್ಣು ಎಂಬ ಕಾರಣಕ್ಕೆ ಹೀಗೆ ಅವಮಾನಿಸುತ್ತಿದ್ದೀರಿ ಎಂಬುದು ಅವರ ವಾದ. ಇಲ್ಲಿ ಸ್ವಲ್ಪ ನಿಲ್ಲಬೇಕು. ಆನ್ಸಾ ಅವರನ್ನು ಕುರಿತು ಬೀದಿಯಲ್ಲಿ ಕೇಳಿಬಂದ ಬೈಗುಳಗಳಲ್ಲಿ ಹೆಣ್ಣೆಂಬ ತಾತ್ಸಾರ ಧಾರಾಳವಾಗಿತ್ತು. ಅದೇ ಸ್ಥಾನದಲ್ಲಿ ಗಂಡಸಿದ್ದರೆ ಆ ಮಾತುಗಳು ಬರುತ್ತಿರಲಿಲ್ಲ. ಆದರೆ ಹಾಳೆಯ ಮೇಲಿನ ವೈಟ್ನರ್‌ಗೆ ಹೆಣ್ಣು ಗಂಡು ಇಲ್ಲ. ಎರಡೂ ನಿಜವಾಗಿರಬಹುದು, ಒಂದನ್ನು ಇನ್ನೊಂದಕ್ಕೆ ಗುರಾಣಿಯಾಗಿ ಹಿಡಿದರೆ ಮಾತ್ರ ಮೋಸ.

ಅದೇ ವರ್ಷದ ಅಕ್ಟೋಬರಿನಲ್ಲಿ ರಾಜಧಾನಿ ಲಿಲಾಂಗ್ವೆಯ ಹೊರಗಿನ ಮ್ಸುಂಡ್ವೆ ಪ್ರದೇಶದಲ್ಲಿ ಗಲಭೆ ನಡೆದು ಒಬ್ಬ ಪೊಲೀಸ್ ಅಧಿಕಾರಿ ಕಲ್ಲೇಟಿಗೆ ಬಲಿಯಾದರು. ಸೇಡಿಗೆ ಹೊರಟ ಪೊಲೀಸರು ಅಲ್ಲಿನ ಹಳ್ಳಿಗಳ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವೆಸಗಿದರು. ಮಲಾವಿಯ ಮಹಿಳಾ ವಕೀಲರ ಸಂಘ ಆ ಹೆಣ್ಣುಮಕ್ಕಳ ಪರವಾಗಿ ಮೊಕದ್ದಮೆ ಹೂಡಿತು. 2020ರ ಆಗಸ್ಟ್‌ನಲ್ಲಿ ಹೈಕೋರ್ಟು ಪರಿಹಾರ ಕೊಡಬೇಕೆಂದು ಆದೇಶಿಸಿತು. ಚುನಾವಣೆಯ ಅಕ್ರಮದ ಬೆಲೆಯನ್ನು ಹೆಣ್ಣುಮಕ್ಕಳು ತೆತ್ತದ್ದು ಎಲ್ಲಿ ಎಂದು ಕೇಳಿದರೆ, ಉತ್ತರ ಆ ಹಳ್ಳಿಗಳಲ್ಲಿದೆ.

ವಿಚಾರಣೆ ನಡೆದದ್ದು ಐವರು ನ್ಯಾಯಾಧೀಶರ ಪೀಠದ ಮುಂದೆ. ಐವರಲ್ಲಿ ಒಬ್ಬರು ಮಹಿಳೆ, ಐವಿ ಕಮಾಂಗಾ. ರೇಡಿಯೋದವಳಾಗಿ ನನಗೆ ಬಹಳ ಹಿಡಿಸಿದ ಸಂಗತಿ ಇಲ್ಲಿದೆ: ವಿಚಾರಣೆಯನ್ನು ರೇಡಿಯೋದಲ್ಲಿ ನೇರಪ್ರಸಾರ ಮಾಡಲು ನ್ಯಾಯಾಲಯ ಒಪ್ಪಿತು. ಟಿವಿ ಕಡಿಮೆ, ವಿದ್ಯುತ್ತು ಇನ್ನೂ ಕಡಿಮೆ ಇರುವ ದೇಶದಲ್ಲಿ ಹೊಲದಲ್ಲಿ, ಸಂತೆಯಲ್ಲಿ, ಮಿನಿಬಸ್ಸಿನಲ್ಲಿ ಜನ ಸಾಕ್ಷಿಗಳ ಪಾಟೀಸವಾಲನ್ನು ತಿಂಗಳುಗಟ್ಟಲೆ ಕೇಳಿದರು. ಹಾಳೆಗಳ ಸಂಗತಿ ಅವರಿಗೆ ಬಾಯಿಪಾಠವಾಯಿತು. ನಡುವೆ ಈ ಐವರಿಗೆ ಲಂಚದ ಆಮಿಷವೂ ಬಂತು. ಅವರು ಸುಮ್ಮನೆ ತಿರಸ್ಕರಿಸಿ ಕೂರಲಿಲ್ಲ, ವಿಷಯವನ್ನು ಮುಖ್ಯ ನ್ಯಾಯಾಧೀಶರಿಗೆ ತಿಳಿಸಿದರು, ಅವರು ಭ್ರಷ್ಟಾಚಾರ ನಿಗ್ರಹ ದಳಕ್ಕೆ ದೂರು ಕೊಟ್ಟರು. ದೇಶದ ಪ್ರಮುಖ ಬ್ಯಾಂಕ್ ಉದ್ಯಮಿಯೊಬ್ಬರಿಗೆ 2021ರಲ್ಲಿ ಇದಕ್ಕಾಗಿ ಒಂಬತ್ತು ವರ್ಷದ ಶಿಕ್ಷೆ ಆಯಿತು.

2020ರ ಫೆಬ್ರವರಿ 3. ನ್ಯಾಯಾಧೀಶರು ಗುಂಡುನಿರೋಧಕ ಅಂಗಿ ತೊಟ್ಟು ಸೇನೆಯ ವಾಹನದಲ್ಲಿ ನ್ಯಾಯಾಲಯಕ್ಕೆ ಬಂದರು. ಐನೂರು ಪುಟದ ಆ ತೀರ್ಪನ್ನು ಓದಿ ಮುಗಿಸಲು ಹತ್ತು ಗಂಟೆಯ ಹತ್ತಿರ ಹಿಡಿಯಿತು; ಅಷ್ಟೂ ಹೊತ್ತು ದೇಶ ರೇಡಿಯೋ ಪಕ್ಕ ಕುಳಿತಿತ್ತು. ಅಕ್ರಮಗಳು ವ್ಯಾಪಕ, ವ್ಯವಸ್ಥಿತ ಮತ್ತು ಗಂಭೀರ, ಆದ್ದರಿಂದ ಚುನಾವಣೆ ರದ್ದು, 150 ದಿನಗಳೊಳಗೆ ಹೊಸ ಚುನಾವಣೆ ಎಂಬುದು ತೀರ್ಪು. ಗೆಲ್ಲಲು ಇನ್ನು ಮುಂದೆ ಅರ್ಧಕ್ಕಿಂತ ಹೆಚ್ಚು ಮತ ಬೇಕೆಂದೂ ಹೇಳಿತು. ಜೇನ್ ಆನ್ಸಾ ಲಂಚ ತಿಂದರೆಂದು ತೀರ್ಪು ಹೇಳಲಿಲ್ಲ. ಆಯೋಗ ತನ್ನ ಕರ್ತವ್ಯದಲ್ಲಿ ವಿಫಲವಾಯಿತು ಎಂದಿತು. ಪ್ರಾಮಾಣಿಕತೆ ಎಂದಾಗ ನಾವು ಸಾಮಾನ್ಯವಾಗಿ ಯೋಚಿಸುವುದು ಕವರಿನಲ್ಲಿ ಬಂದ ದುಡ್ಡನ್ನು ಮಾತ್ರ. ಚುನಾವಣೆ ನಡೆಸುವವರ ಪ್ರಾಮಾಣಿಕತೆ ಬೇರೆ ಜಾತಿಯದು. ಅನುಮಾನ ಬಂದ ಹಾಳೆಯನ್ನು ಬದಿಗಿಟ್ಟು ಮತ್ತೆ ಪೆಟ್ಟಿಗೆ ತೆರೆಸುವ ತಾಳ್ಮೆ ಅದರ ಮುಖ್ಯ ಭಾಗ.

ತೀರ್ಪಿನ ನಂತರವೂ ಆನ್ಸಾ ಕೂಡಲೇ ಇಳಿಯಲಿಲ್ಲ. ಸಂಸತ್ತಿನ ಸಮಿತಿ ಆಯುಕ್ತರನ್ನು ತೆಗೆಯಿರಿ ಎಂದು ಶಿಫಾರಸು ಮಾಡಿತು. ತೆಗೆಯಬೇಕಾದವರು ಅಧ್ಯಕ್ಷ ಮುತಾರಿಕಾ, ಅವರು ಒಪ್ಪಲಿಲ್ಲ. ಗೆದ್ದರೆಂದು ಯಾರನ್ನು ಘೋಷಿಸಿದರೋ ಅವರ ಕೈಯಲ್ಲೇ ಘೋಷಿಸಿದವರ ಕುರ್ಚಿ! ಮೇ 8ರಂದು ಸುಪ್ರೀಂ ಕೋರ್ಟೂ ತೀರ್ಪನ್ನು ಎತ್ತಿಹಿಡಿದ ಮೇಲೆ, ಮೇ ಕೊನೆಯ ಭಾಗದಲ್ಲಿ ಆನ್ಸಾ ರಾಜೀನಾಮೆ ಕೊಟ್ಟರು. ಜೂನ್ 23ರ ಮರುಚುನಾವಣೆಯಲ್ಲಿ ಸುಮಾರು ಶೇ. 59 ಮತ ಪಡೆದು ಚಕ್ವೇರಾ ಗೆದ್ದರು. ಐವರು ನ್ಯಾಯಾಧೀಶರಿಗೆ ಆ ವರ್ಷದ ಚಾಥಮ್ ಹೌಸ್ ಪ್ರಶಸ್ತಿ ಬಂತು.

ಇದಕ್ಕೂ ಮೊದಲು ಆಫ್ರಿಕಾದಲ್ಲಿ ನ್ಯಾಯಾಲಯ ಅಧ್ಯಕ್ಷೀಯ ಚುನಾವಣೆಯನ್ನು ಹೀಗೆ ರದ್ದು ಮಾಡಿದ್ದು ಕೆನ್ಯಾದಲ್ಲಿ, 2017ರ ಸೆಪ್ಟೆಂಬರ್ 1ರಂದು. ಅಲ್ಲಿನ ಆಯೋಗದಲ್ಲಿ ರೋಸಲಿನ್ ಅಕೊಂಬೆ ಎಂಬ ಆಯುಕ್ತೆ ಇದ್ದರು. ಮರುಚುನಾವಣೆಗೆ ಎಂಟು ದಿನವಿರುವಾಗ ಅವರು ನ್ಯೂಯಾರ್ಕಿಗೆ ಹೋಗಿ, ಈ ಸ್ಥಿತಿಯಲ್ಲಿ ನಂಬಲರ್ಹ ಚುನಾವಣೆ ಸಾಧ್ಯವಿಲ್ಲ, ಜೀವಭಯವೂ ಇದೆ ಎಂದು ರಾಜೀನಾಮೆ ಕೊಟ್ಟರು. ಅದೇ ಆಯೋಗದ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಆಗಸ್ಟಿನ ಚುನಾವಣೆಗೆ ಮುನ್ನ ಕೊಲೆಯಾಗಿದ್ದರು, ಆದ್ದರಿಂದ ಭಯ ಸುಳ್ಳಲ್ಲ. ಅಕೊಂಬೆ ಹೋದರೂ ಮರುಚುನಾವಣೆ ನಿಲ್ಲಲಿಲ್ಲ. ವಿರೋಧ ಪಕ್ಷ ಬಹಿಷ್ಕರಿಸಿತು, ಇದ್ದವರೇ ಗೆದ್ದರು. ಇನ್ನೂ ಬೇರೆ ಮಾದರಿ ಬೇಕೆಂದರೆ ರುವಾಂಡ. ಅಲ್ಲಿನ ಸಂಸತ್ತಿನ ಕೆಳಮನೆಯಲ್ಲಿ ಶೇ. 60ಕ್ಕಿಂತ ಹೆಚ್ಚು ಹೆಂಗಸರು, ಜಗತ್ತಿನಲ್ಲೇ ಮೊದಲ ಸ್ಥಾನ. 2024ರಲ್ಲಿ ಅಲ್ಲಿನ ಅಧ್ಯಕ್ಷರು ಗೆದ್ದದ್ದು ಶೇ. 99 ಮತದಿಂದ, ಎದುರು ನಿಲ್ಲಲು ಬಂದ ಡಯಾನ್ ರ್ವಿಗಾರಾ ಎಂಬ ಮಹಿಳೆಗೆ ಅವಕಾಶವನ್ನೇ ಕೊಡಲಿಲ್ಲ.

ಮಲಾವಿಗೆ ಮರಳೋಣ. ನಾನು ಹೇಳಬೇಕಾದ ಇನ್ನೊಬ್ಬರು ಮಾರ್ಥಾ ಚಿಜುಮಾ. ಇವರ ಕಥೆಗೆ ಭಾರತದ ನಂಟೂ ಇದೆ. ಭಾರತದ ಎಕ್ಸಿಮ್ ಬ್ಯಾಂಕಿನಿಂದ ಮಲಾವಿ ಸರ್ಕಾರ 5 ಕೋಟಿ ಡಾಲರ್ ಸಾಲ ಪಡೆದಿತ್ತು. ಆ ಹಣದಲ್ಲಿ 177 ಟ್ರ್ಯಾಕ್ಟರ್, 144 ಮೆಕ್ಕೆಜೋಳ ಬಿಡಿಸುವ ಯಂತ್ರ ಬಂದವು. ಉದ್ದೇಶ ಬಡ ರೈತರಿಗೆ ನೆರವಾಗುವುದು. ಆದರೆ ಅವುಗಳಲ್ಲಿ ಬಹಳಷ್ಟು ರಾಜಕಾರಣಿಗಳಿಗೆ, ಅಧಿಕಾರಿಗಳಿಗೆ ಮಾರಾಟವಾದವು. ಸಾಲ ಮಾತ್ರ ಜನರ ತಲೆಯ ಮೇಲೆ. ನಮ್ಮ ಲೋಕಾಯುಕ್ತರಂಥ ಸ್ಥಾನದಲ್ಲಿದ್ದ ಚಿಜುಮಾ 2016ರಲ್ಲಿ ಇದನ್ನು ತನಿಖೆ ಮಾಡಿ, ಮಾರಾಟ ಕಾನೂನುಬಾಹಿರ, ಸರ್ಕಾರ ಜನರ ಕ್ಷಮೆ ಕೇಳಬೇಕು ಎಂದು ವರದಿ ಕೊಟ್ಟರು.

2021ರಲ್ಲಿ ಅವರನ್ನು ಭ್ರಷ್ಟಾಚಾರ ನಿಗ್ರಹ ದಳದ ಮಹಾನಿರ್ದೇಶಕಿಯಾಗಿ ಅಧ್ಯಕ್ಷ ಚಕ್ವೇರಾ ಆರಿಸಿದಾಗ ಸಂಸತ್ತಿನ ಸಮಿತಿ ಮೊದಲು ತಿರಸ್ಕರಿಸಿತು, ಜನರ ಗದ್ದಲದ ನಂತರ ಒಪ್ಪಿತು. ಒಬ್ಬ ದೊಡ್ಡ ವ್ಯಾಪಾರಿ ಸರ್ಕಾರಿ ಗುತ್ತಿಗೆಗಳಿಗಾಗಿ ಹಂಚಿದ ಹಣದ ಜಾಡು ಹಿಡಿದ ಚಿಜುಮಾ 2022ರ ನವೆಂಬರ್ 25ರಂದು ಉಪಾಧ್ಯಕ್ಷ ಚಿಲಿಮಾ ಅವರನ್ನೇ ಬಂಧಿಸಿದರು. ಹೌದು, ವೈಟ್ನರ್ ಚುನಾವಣೆ ವಿರುದ್ಧ ನ್ಯಾಯಾಲಯಕ್ಕೆ ಹೋದ ಅದೇ ಚಿಲಿಮಾ. ಆರೋಪವನ್ನು ಅವರು ನಿರಾಕರಿಸಿದರು. ಇದಾಗಿ ಹನ್ನೊಂದನೆಯ ದಿನ, ಡಿಸೆಂಬರ್ 6ರ ಬೆಳಗಿನ ಜಾವ, ಪೊಲೀಸರು ಚಿಜುಮಾ ಅವರ ಮನೆಗೇ ಬಂದು ಅವರನ್ನೇ ಹಿಡಿದುಕೊಂಡು ಹೋದರು! ಕಾರಣ, ವರ್ಷದ ಆರಂಭದಲ್ಲಿ ಬಯಲಾಗಿದ್ದ ಒಂದು ಫೋನ್ ಸಂಭಾಷಣೆ. ಅದರಲ್ಲಿ ಅವರು ತನಿಖೆಯ ವಿಷಯ ಮಾತಾಡಿದ್ದರು. ಮಾತಾಡಬಾರದಿತ್ತು, ಅದು ಅವರ ತಪ್ಪೇ. ಆದರೆ ಜನವರಿಯ ತಪ್ಪಿಗೆ ಡಿಸೆಂಬರಿನ ನಸುಕಿನಲ್ಲಿ ಪೊಲೀಸರು ಬಂದದ್ದೇಕೆ ಎಂದು ಅಲ್ಲಿನ ಜನ ಕೇಳಿದರು. ಅದೇ ದಿನ ಬಿಡುಗಡೆಯಾಯಿತು. ಮರುತಿಂಗಳು ಅಮಾನತು, ಆಮೇಲೆ ಅಮಾನತಿಗೆ ನ್ಯಾಯಾಲಯದ ತಡೆ. 2024ರ ಮೇ ತಿಂಗಳಲ್ಲಿ ಅವರ ಅವಧಿ ಮುಗಿಯಿತು, ಮುಂದುವರಿಯಲಿಲ್ಲ. ಅದೇ ತಿಂಗಳು ಚಿಲಿಮಾ ಮೇಲಿನ ಮೊಕದ್ದಮೆಯನ್ನು ಹಿಂತೆಗೆದುಕೊಂಡರು. ಜೂನ್ 10ರಂದು ಚಿಲಿಮಾ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಚಿಜುಮಾ ಅವರಿಗೆ ರಕ್ಷಣೆ ಕೊಟ್ಟದ್ದು ನ್ಯಾಯಾಲಯ, ಆನ್ಸಾ ಅವರನ್ನು ಇಳಿಸಿದ್ದೂ ನ್ಯಾಯಾಲಯ, ಜಾಯ್ಸ್ ಬಾಂಡಾ ಅವರನ್ನು ತಡೆದದ್ದೂ ಅದೇ. ಮಲಾವಿಯ ಜನ ಹೆಣ್ಣುಮಕ್ಕಳನ್ನು ಕುರಿತ ಒಂದು ಪ್ರಶ್ನೆಯನ್ನು ಈ ಮೂವರ ಮೂಲಕ ಮೂರು ಸಲ ಕೇಳಿಕೊಂಡರು, ಪ್ರತಿ ಸಲವೂ ಉತ್ತರ ಬೇರೆ ಬಂತು. ಹೆಣ್ಣು ಪ್ರಾಮಾಣಿಕಳೇ ಎಂಬ ಪ್ರಶ್ನೆಗಿಂತ, ಅವಳನ್ನು ಆ ಸ್ಥಾನದಿಂದ ತೆಗೆಯುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಹೆಚ್ಚು ಉಪಯೋಗಕ್ಕೆ ಬರುವ ಪ್ರಶ್ನೆ ಎಂದು ನನಗನ್ನಿಸುತ್ತದೆ.

2024ರಲ್ಲಿ ಚುನಾವಣಾ ಆಯೋಗಕ್ಕೆ ಮತ್ತೆ ಒಬ್ಬ ಮಹಿಳೆ ಬಂದರು, ನ್ಯಾಯಾಧೀಶೆ ಆನಬೆಲ್ ಮ್ತಾಲಿಮಾಂಜಾ. 2025ರ ಸೆಪ್ಟೆಂಬರ್ 16ರಂದು ಮತದಾನ. ಫಲಿತಾಂಶ ಹೇಳಲು ಕಾನೂನು ಕೊಟ್ಟ ಗಡುವು ಎಂಟು ದಿನ. ಪಕ್ಷಗಳು ಅವಸರ ಮಾಡುತ್ತಿದ್ದವು, ಎರಡೂ ಕಡೆಯವರು ನಾವೇ ಗೆದ್ದೆವು ಎನ್ನುತ್ತಿದ್ದರು. ಆಯೋಗ ಹಾಳೆಗಳನ್ನು ತಾಳೆ ನೋಡುತ್ತಲೇ ಇತ್ತು, ಅನುಮಾನ ಬಂದವನ್ನು ಮತ್ತೆ ಪರಿಶೀಲಿಸಿತು. ಅಂಕಿ ನಮೂದಿಸುವಾಗ ಕೈಚಳಕ ತೋರಲು ಹೋದ ಆರೋಪದ ಮೇಲೆ ಕೆಲವು ತಾತ್ಕಾಲಿಕ ನೌಕರರ ಬಂಧನವೂ ಆಯಿತು. ಎಂಟನೆಯ ದಿನ, ಸೆಪ್ಟೆಂಬರ್ 24ರಂದು, ಅಧಿಕಾರದಲ್ಲಿದ್ದ ಚಕ್ವೇರಾ ಘೋಷಣೆಗೂ ಮೊದಲೇ ಟಿವಿಯಲ್ಲಿ ಬಂದು ಸೋಲನ್ನೊಪ್ಪಿಕೊಂಡರು. ಜಾಯ್ಸ್ ಬಾಂಡಾ ಈ ಸಲವೂ ಕಣದಲ್ಲಿದ್ದು ಸೋತಿದ್ದರು. ಆ ಸಂಜೆ ಮ್ತಾಲಿಮಾಂಜಾ ಓದಿದ ಅಂಕಿಯ ಪ್ರಕಾರ ಮುತಾರಿಕಾ ಅವರಿಗೆ ಶೇ. 56ಕ್ಕಿಂತ ಹೆಚ್ಚು, ಚಕ್ವೇರಾ ಅವರಿಗೆ ಶೇ. 33. ಮುತಾರಿಕಾ ಅವರ ಜೊತೆಗೆ ಉಪಾಧ್ಯಕ್ಷೆಯಾಗಿ ಗೆದ್ದವರು ಜೇನ್ ಆನ್ಸಾ. ಆ ಫಲಿತಾಂಶವನ್ನು ಓದಿದ್ದು ಹಿಂದೆ ಅವರೇ ಕುಳಿತಿದ್ದ ಕುರ್ಚಿಯಿಂದ. ಈ ಸಲ ಅದನ್ನು ರದ್ದು ಮಾಡುವ ಪ್ರಮೇಯ ಬರಲಿಲ್ಲ.